ಕಸದ ಗಾಡಿಯ ಸೋಬಾನೆ

ನಮ್ಮತ್ತೆ ಒಬ್ಬ ಗಂಡಸಿನ ಜೊತೆ ಪೂರ್ತಿ ಎರಡು ವರ್ಷ ಬೀದಿಜಗಳ ಆಡಿದಳು. ದಿನಾ ಬೆಳಿಗ್ಗೆ ಏಳೂವರೆಗೆ, ಮನೆ ಮುಂದೆ ನಿಂತು, ಕೈಯಲ್ಲಿ ಪೊರಕೆ ಹಿಡಿದು! ಜಗಳದಲ್ಲಿ ಅವಳೂ ಸೋಲಲಿಲ್ಲ, ಅವನೂ ಸೋಲಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ ಅನ್ನುವುದು ಬೇರೆ ಮಾತು. ಏಕೆಂದರೆ ಆ ಗಂಡಸು ವಾಸವಾಗಿದ್ದದ್ದು ನಮ್ಮ ಗ್ರಾಮ ಪಂಚಾಯತಿಯ ಕಸದ ಗಾಡಿಯ ಮೈಕಿನೊಳಗೆ.

"ಸಾರ್ವಜನಿಕರ ಗಮನಕ್ಕೆ! ಹಸಿ ಕಸ ಮತ್ತು ಒಣ ಕಸವನ್ನು ಬೇರ್ಪಡಿಸಿ ನೀಡತಕ್ಕದ್ದು!" ಎಂದು ಅವನು ಗದರಿಸುತ್ತ ಬೀದಿಗೆ ಬರುತ್ತಿದ್ದ.

"ನೀಡತಕ್ಕದ್ದಂತೆ! ಯಾರ ಮನೆ ಆಳಿಗೆ ಹೇಳ್ತಿದ್ದೀಯೋ? ಒಂದ್ ಸಲ 'ಅವ್ವಾ' ಅಂತ ಕೂಗು, ಕೊಡ್ತೀನಿ" ಎಂದು ಅತ್ತೆ.

"ತಪ್ಪಿದಲ್ಲಿ ದಂಡ ವಿಧಿಸಲಾಗುವುದು!" ಅವನ ಉತ್ತರ ಎಷ್ಟು ಸರಿಯಾದ ಹೊತ್ತಿಗೆ ಬೀಳುತ್ತಿತ್ತೆಂದರೆ, ಪಕ್ಕದ ಮನೆಯ ನೆಂಟರು ಒಮ್ಮೆ ನಿಜವಾಗಿಯೂ ಜಗಳ ಬಿಡಿಸಲು ಬಂದಿದ್ದರು.

"ವಿಧಿಸು ನೋಡಾಣ! ಗಾಡಿಯಿಂದ ಇಳಿದು ಬಾ!"

ಅವನು ಇಳಿದು ಬರುತ್ತಿರಲಿಲ್ಲ. ಇಳಿದು ಬರುತ್ತಿದ್ದವಳು ಗಂಗಾ. ನಮ್ಮೂರ ಹುಡುಗಿ, ಮಹಿಳಾ ಸಂಘದಿಂದ ಡ್ರೈವಿಂಗ್ ಕಲಿತು ಬಂದು ಗಾಡಿ ಓಡಿಸುತ್ತಿದ್ದಳು. ನಗು ತಡೆಯಲಾರದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಹೋಗ್ಲಿ ಬಿಡು ದೊಡ್ಡಮ್ಮ, ಅವನು ನಿಂಗೊಬ್ಬಳಿಗೇ ಅಲ್ಲ, ಎಲ್ಲರಿಗೂ ಹಂಗೇ ಅಂತಾನೆ" ಎಂದು ಅತ್ತೆಯ ಬಕೆಟ್ಟು ಇಸಿದುಕೊಳ್ಳುತ್ತಿದ್ದಳು.

ಅತ್ತೆಗೆ ಎಲ್ಲ ಮೈಕುಗಳ ಮೇಲೂ ಕೋಪ ಎಂದು ತಿಳಿಯಬೇಡಿ. 'ನೀವು ಕರೆ ಮಾಡಿರುವ ಚಂದಾದಾರರು' ಎನ್ನುವ ಫೋನಿನ ಹೆಂಗಸಿನ ಮೇಲೆ ಅವಳಿಗೆ ಬಲು ಪ್ರೀತಿ. "ಪಾಪ, ಎಷ್ಟ್ ಸಲ ಕೇಳಿದ್ರೂ ಬೇಜಾರಿಲ್ದೆ ಹೇಳ್ತಾಳೆ. ಊಟ ಆಯ್ತೇನವ್ವಾ?" ಎಂದು ವಿಚಾರಿಸುತ್ತಿದ್ದಳು. ಹೊಸಕೋಟೆಗೆ ಕೊಟ್ಟ ಮಗಳು ಫೋನು ಎತ್ತದ ದಿನ ಅತ್ತೆಗೆ ಬೇಸರವೇ ಆಗುತ್ತಿರಲಿಲ್ಲ. ಮಾತಾಡಲು ಇನ್ನೊಬ್ಬಳು ಇದ್ದಳಲ್ಲ!

ಈ ಅತ್ತೆ ನಮ್ಮಪ್ಪನ ಅಕ್ಕ. ತೂಬಗೆರೆ ಹೋಬಳಿಯ ನಮ್ಮೂರಿನಲ್ಲೇ ಹುಟ್ಟಿ, ನಮ್ಮೂರಿಗೇ ಮದುವೆಯಾಗಿ, ತವರಿಗೂ ಗಂಡನ ಮನೆಗೂ ನಡುವಿನ ಇನ್ನೂರು ಹೆಜ್ಜೆಗಳಲ್ಲಿ ಅರವತ್ತು ವರ್ಷ ಕಳೆದವಳು. ಮಾವ ತೀರಿಕೊಂಡದ್ದು ನಾನು ಹುಟ್ಟುವ ಮೊದಲು. ಎರಡು ಸೀಮೆಹಸು, ಒಂದು ತುಂಡು ರಾಗಿ ಹೊಲ, ಮತ್ತು ಮೇಲೆ ಹೇಳಿದ ಶತ್ರು, ಇಷ್ಟು ಅವಳ ಆಸ್ತಿ.

ಇಂಥವಳು ಪಂಚಾಯತಿ ಸದಸ್ಯೆಯಾದದ್ದು ಹೇಗೆ? ಅದೂ ಒಂದು ಕತೆ. ನಮ್ಮ ವಾರ್ಡು ಆ ಸಲ ಮಹಿಳೆಗೆ ಮೀಸಲಾಯಿತು. ಊರಿನ ದೊಡ್ಡವರು ಸೇರಿ ಒಬ್ಬ ತಕ್ಕ ಹೆಂಗಸನ್ನು ಹುಡುಕಿದರು. ತಕ್ಕ ಎಂದರೆ ಸಭೆಯಲ್ಲಿ ಬಾಯಿ ಬಿಡದವಳು, ತೋರಿಸಿದ ಕಡೆ ಸಹಿ ಹಾಕುವವಳು. ಅತ್ತೆ ನಾನು ಕಂಡಂತೆ ಊರಿನ ಯಾವ ಸಭೆಯಲ್ಲೂ, ಯಾವ ಸಮಾರಂಭದಲ್ಲೂ ಮುಂದೆ ಬಂದು ನಿಂತವಳಲ್ಲ, ಹಿಂದಿನ ಸಾಲಿನವಳು. "ಇವಳೇ ಸರಿ, ಬಾಯಿಲ್ಲ" ಎಂದು ತೀರ್ಮಾನವಾಯಿತು. ಅವಿರೋಧ ಆಯ್ಕೆ! ಬೆಳಿಗ್ಗೆ ಏಳೂವರೆಗೆ ಆ ದೊಡ್ಡವರು ಯಾರೂ ನಮ್ಮ ಬೀದಿಯಲ್ಲಿ ಓಡಾಡಿರಲಿಲ್ಲ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಮೊದಲ ಸಭೆಯಲ್ಲಿ ಅತ್ತೆ ಎರಡು ಗಂಟೆ ಮೌನವಾಗಿ ಕೂತಿದ್ದಳಂತೆ. ಚರಂಡಿ, ಬೀದಿದೀಪ, ಕೆಟ್ಟ ಮೋಟರು ಎಲ್ಲ ಮುಗಿಯಿತು. ದೊಡ್ಡವರ ಮುಖದಲ್ಲಿ ತಾವು ಸರಿಯಾದ ಹೆಂಗಸನ್ನೇ ಆರಿಸಿದ ನೆಮ್ಮದಿ. ಕೊನೆಯಲ್ಲಿ ಪಿಡಿಒ ಸಾಹೇಬರು ವಾಡಿಕೆಯಂತೆ, "ಇನ್ನು ಯಾರದಾದರೂ ಏನಾದರೂ ವಿಷಯ ಇದೆಯಾ?" ಎಂದರು. ಇದೆ ಎನ್ನಬಾರದೆಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಅತ್ತೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಐತೆ" ಎಂದಳು. "ಗಾಡಿಯೊಳಗಿರೋ ಆ ಗಂಡಸನ್ನ ಕೆಲಸದಿಂದ ತೆಗೀಬೇಕು."

"ಯಾವ ಗಂಡಸು ಅಮ್ಮಾ? ಗಾಡಿ ಓಡಿಸೋದು ಗಂಗಾ ಅಲ್ವಾ?"

"ಓಡಿಸೋಳು ಅವಳು. ಬೈಯೋನು ಅವನು."

ಯಾವನು ಎಂದು ಅರ್ಥವಾಗಲು ಸಭೆಗೆ ಹತ್ತು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ನಗಲು ಇನ್ನೂ ಹತ್ತು ನಿಮಿಷ. ಅತ್ತೆ ನಗಲಿಲ್ಲ. "ನಮ್ಮೂರಾಗೆ ಬೀಸೋ ಪದ ಐತೆ, ನಾಟಿ ಪದ ಐತೆ, ಸೋಬಾನೆ ಐತೆ. ಹಾಡೋ ಬಾಯಿ ಐತೆ, ಕೂಗೋ ಮೈಕೂ ಐತೆ. ಎರಡನ್ನೂ ಒಂದ್ಕಡೆ ಸೇರಿಸೋಕೆ ಏನ್ ತೊಂದ್ರೆ?" ಎಂದಳು.

"ಅಕ್ಕಾ, ಕಸಕ್ಕೂ ಕಲೆಗೂ ಏನಕ್ಕಾ ಸಂಬಂಧ?" ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು.

ಅತ್ತೆ ಪಿಡಿಒ ಕಡೆ ತಿರುಗಿದಳು. "ಸಾಹೇಬ್ರೇ, ನಿಮ್ಮವ್ವ ಅಂಗಳ ಗುಡಿಸುವಾಗ ಬಾಯಿ ಮುಚ್ಕೊಂಡು ಗುಡಿಸ್ತಿದ್ರಾ?"

ಪಿಡಿಒ ಬೇರೆ ಜಿಲ್ಲೆಯವರು, ಮಿತಭಾಷಿ, ನಡಾವಳಿ ಪುಸ್ತಕ ಬಿಟ್ಟು ತಲೆ ಎತ್ತದ ಮನುಷ್ಯ. ಅವರ ಪೆನ್ನು ನಿಂತಿತು. "ಇಲ್ಲಮ್ಮ. ಹಾಡ್ತಿದ್ರು" ಎಂದರು.

"ಯಾವ ಪದ?"

ಸಾಹೇಬರು ಮೇಲೆ ನೋಡಿದರು. ಸದಸ್ಯರೆಲ್ಲ ಅವರ ಜೊತೆಗೆ ಮೇಲೆ ನೋಡಿದರು. ಅಲ್ಲಿ ಫ್ಯಾನು ಬಿಟ್ಟರೆ ಏನೂ ಇರಲಿಲ್ಲ. "ಒಂದು ಸಾಲು ಬರುತ್ತೆ. ಮುಂದಿನದು ಮರೆತುಹೋಗಿದೆ" ಎಂದರು ಕೊನೆಗೆ. ಆಮೇಲೆ ಬೇರೆ ಮಾತಿಲ್ಲದೆ ಬರೆಯತೊಡಗಿದರು: 'ಗ್ರಾಮದ ಜನಪದ ಕಲೆ ಹಾಗೂ ಸಂಸ್ಕೃತಿಯನ್ನು ಸಮುದಾಯದ ಸಹಭಾಗಿತ್ವದಲ್ಲಿ ಅಭಿವೃದ್ಧಿಪಡಿಸುವ ಸಲುವಾಗಿ ತ್ಯಾಜ್ಯ ಸಂಗ್ರಹಣಾ ವಾಹನವನ್ನು ಬಳಸಿಕೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.' ಸಂಸ್ಕೃತಿಯೂ ತ್ಯಾಜ್ಯವೂ ಒಂದೇ ವಾಕ್ಯದಲ್ಲಿ ಇಷ್ಟು ಹೊಂದಿಕೊಂಡು ಕೂತದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಒಂದು ಉಪಸಮಿತಿಯೂ ಆಯಿತು. ಅತ್ತೆ ಅದರ ಅಧ್ಯಕ್ಷೆ. ಹಾಡಲು ಬರುವ ಆರು ಜನ ಹೆಂಗಸರು ಸದಸ್ಯರು. ಧ್ವನಿಮುದ್ರಣಕ್ಕೆ ನಾನು! ನಾನು ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಗುಂಡಿ ತಪ್ಪಿದ ಶರ್ಟು, ವಾರೆ ಬಂದ ಹೊಲಿಗೆ ಹಿಡಿಯುವ ತಪಾಸಕ. ಹಾಡಿಗೂ ನನಗೂ ಏನು ಸಂಬಂಧ ಎಂದು ಕೇಳಿದೆ.

"ನಿನ್ ಫೋನಿಗೆ ಹಿಂದೆ ಮೂರು ಕಣ್ಣವೆ. ಒಂದು ಕಿವಿ ಇರಲ್ವೇನ್ಲಾ?" ಎಂದಳು ಅತ್ತೆ. ಅಲ್ಲಿಗೆ ನನ್ನ ನೇಮಕಾತಿ ಮುಗಿಯಿತು.

ಭಾನುವಾರ ಬೆಳಿಗ್ಗೆ ಪಂಚಾಯತಿ ಸಭಾಂಗಣದಲ್ಲಿ ರೆಕಾರ್ಡಿಂಗು. ಮೊದಲ ಹಾಡು ರಾಗಿ ಬೀಸುವ ಪದ. ಆರು ಜನರಲ್ಲಿ ಹಿರಿಯಳಾದ ಕೆಂಪಮ್ಮಜ್ಜಿ ಬಂದು ಕುರ್ಚಿಯಲ್ಲಿ ಕೂತಳು. ನಾನು ಫೋನು ಒತ್ತಿದೆ. ಅಜ್ಜಿ ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು.

"ಹಾಡಜ್ಜಿ."

"ಕಲ್ಲೆಲ್ಲಪ್ಪಾ?"

"ಯಾವ ಕಲ್ಲು?"

"ಬೀಸೋ ಕಲ್ಲು. ಕೈ ತಿರುಗಿದ್ರೆ ತಾನೇ ಬಾಯಿ ತಿರುಗೋದು?"

ಇಬ್ಬರು ಗಂಡಾಳುಗಳು ಅಜ್ಜಿಯ ಮನೆಯಿಂದ ಬೀಸುವ ಕಲ್ಲು ಹೊತ್ತು ತಂದರು. ಬರಿ ಕಲ್ಲು ತಿರುಗಿಸಿದರೆ ಪದ ಬರಲಿಲ್ಲ. ರಾಗಿ ತರಿಸಿದೆವು. ಮಧ್ಯಾಹ್ನದ ಹೊತ್ತಿಗೆ ನಮ್ಮ ಬಳಿ ಒಂದು ಹಾಡು ಮತ್ತು ಮೂರು ಸೇರು ಹಿಟ್ಟು ಇತ್ತು. ಮರುದಿನ ಪಿಡಿಒ ಸಾಹೇಬರು ಹಾಜರಿ ಪುಸ್ತಕ ಬಿಚ್ಚಿದಾಗ ರಾಗಿ ಹಿಟ್ಟು ಉದುರಿತಂತೆ. ಪಂಚಾಯತಿಯಿಂದ ಜನರಿಗೆ ಹಿಟ್ಟು ಬಂದದ್ದು ಅದೇ ಮೊದಲು ಎಂದು ಊರಲ್ಲಿ ಮಾತಾಯಿತು.

ನಾಟಿ ಪದದ ಪಾಡು ಇನ್ನೂ ಚೆಂದ. ಆ ಹೆಂಗಸರಿಗೆ ನೆಟ್ಟಗೆ ನಿಂತರೆ ಸ್ವರವೇ ಹೊರಡದು. ಸೊಂಟ ಬಗ್ಗಿಸಿದರೆ ಮಾತ್ರ ಹಾಡು. ಅವರೆಲ್ಲ ಸಾಲಾಗಿ ಬಗ್ಗಿ ನಿಂತು, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತ ಹಾಡಿದರು. ನಾನು ನೆಲದ ಮೇಲೆ ಅಂಗಾತ ಮಲಗಿ, ಫೋನು ಎತ್ತಿ ಹಿಡಿದು, ಅವರ ಜೊತೆ ತೆವಳುತ್ತ ಗೋಡೆಯವರೆಗೂ ಹೋದೆ. ಬಾಗಿಲಲ್ಲಿ ನನ್ನ ಹೆಂಡತಿ ಬುತ್ತಿ ಹಿಡಿದು ನಿಂತಿದ್ದಳು. ಎರಡು ದಿನ ಅವಳು ನನ್ನ ಜೊತೆ ಮಾತಾಡುವಾಗಲೆಲ್ಲ ಬೇರೆ ಕಡೆ ನೋಡಿ ನಗುತ್ತಿದ್ದಳು.

ಕೊನೆಗೆ ಸೋಬಾನೆ. ಮದುವೆಯಲ್ಲಿ ಹೆಣ್ಣು ಗಂಡನ್ನು ಹಸೆಯ ಮೇಲೆ ಕೂರಿಸಿ ಹಾಡುವ ಹಾಡು.

'ಹಸುರು ಬಳೆಯ ತೊಟ್ಟು ಹೊಸ ಮಣೆಗೆ ಬಾರವ್ವ,
ಹಸೆಗಿಂತ ನಿನ್ನ ನಗೆ ಬೆಳಕವ್ವ, ಸೋಬಾನೆ...'

ಅತ್ತೆ ಬಾಗಿಲ ಹಿಂದೆ ಕಾಫಿ ನೋಡಿಕೊಳ್ಳುತ್ತಿದ್ದಳು. ಹಾಡು ಸೊಗಸಾಗಿ ಬಂತು. ಮನೆಗೆ ಬಂದು ಕಿವಿಗೆ ಹಾಕಿಕೊಂಡು ಕೇಳಿದೆ. ಹೊಲಿಗೆ ತಪ್ಪು ಹಿಡಿಯುವ ಬುದ್ಧಿ ಸುಮ್ಮನಿರುತ್ತದೆಯೇ? ಆರು ಧ್ವನಿಗಳ ಹಿಂದೆ ಏಳನೆಯದೊಂದು ಇತ್ತು. ಸಣ್ಣದು, ಆದರೆ ಬಹಳ ಇಂಪು. ಪ್ರತಿ ಸಾಲಿನಲ್ಲೂ ಅದು ಉಳಿದವರಿಗಿಂತ ಅರೆಕ್ಷಣ ಮೊದಲೇ ಹೊರಡುತ್ತಿತ್ತು. ಅತ್ತೆಯನ್ನು ಕೇಳಿದೆ. "ಅದ್ಯಾರದು, ಮುಂದ್ಮುಂದೆ ಹೋಗ್ತಿರೋದು?"

ಅತ್ತೆ ಹಸುವಿನ ಕೆಚ್ಚಲು ತೊಳೆಯುತ್ತಿದ್ದವಳು ತಿರುಗಿ ನೋಡಲಿಲ್ಲ. "ಪಂಚಾಯ್ತಿ ಹಾಲು ದೊಡ್ಡದು ಕಣ್ಲಾ. ಪ್ರತಿಧ್ವನಿ ಬಂದಿರ್ತದೆ" ಎಂದಳು.

ಧ್ವನಿಗಿಂತ ಪ್ರತಿಧ್ವನಿ ಮೊದಲು ಬರುವುದು ನಮ್ಮ ಪಂಚಾಯತಿ ಕಟ್ಟಡದಲ್ಲಿ ಮಾತ್ರ!

ಸೋಮವಾರ ಗಾಡಿ ಬಂತು. ಗಂಡಸು ಹೋಗಿದ್ದ. ಅವನ ಜಾಗದಲ್ಲಿ ಕೆಂಪಮ್ಮಜ್ಜಿ ರಾಗಿ ಬೀಸುತ್ತಿದ್ದಳು. ಜನ ಬಕೆಟ್ಟು ಹಿಡಿದು ಬೆರಗಾಗಿ ನಿಂತರು. ಎಲ್ಲ ಸುಸೂತ್ರವಾಗಿತ್ತು, ಹಾಡಿನ ನಡುವೆ ಮೈಕು ಇದ್ದಕ್ಕಿದ್ದಂತೆ "ಅಯ್ಯೋ, ಹಾಲು ಉಕ್ತು ಕಣೇ, ಹೋಗೇ!" ಎಂದು ಕಿರುಚುವವರೆಗೆ. ರೆಕಾರ್ಡಿಂಗಿನ ದಿನ ಸಭಾಂಗಣದ ಹಿಂದೆ ಕಾಫಿಗೆ ಹಾಲಿಟ್ಟಿದ್ದರು. ಅದನ್ನು ಕತ್ತರಿಸಲು ನಾನು ಮರೆತಿದ್ದೆ. ಇಡೀ ಬೀದಿಯ ಹೆಂಗಸರು ಬಕೆಟ್ಟುಗಳನ್ನು ನಡುಬೀದಿಯಲ್ಲೇ ಬಿಟ್ಟು ತಂತಮ್ಮ ಒಲೆಗಳ ಕಡೆ ಓಡಿದರು! ಅದನ್ನು ತೆಗೆದುಬಿಡುತ್ತೇನೆಂದರೆ ಅತ್ತೆ ಒಪ್ಪಲಿಲ್ಲ. "ಇರ್ಲಿ ಬಿಡು. ಇವತ್ತು ಮೂರು ಮನೇಲಿ ನಿಜವಾಗ್ಲೂ ಹಾಲು ಉಕ್ತಿತ್ತಂತೆ" ಎಂದಳು. ಈಗಲೂ ಆ ಕೂಗು ಹಾಡಿನಲ್ಲೇ ಇದೆ.

ಸಮಸ್ಯೆಗಳು ಬರದೆ ಇರುತ್ತವೆಯೇ? ಮೊದಲು ಕೆಳಗಿನ ಬೀದಿಯವರು ಕಸ ಕೊಡುವುದಿಲ್ಲ ಎಂದು ಹಟ ಹಿಡಿದರು. ಮೇಲಿನ ಬೀದಿಯ ಕೆಂಪಮ್ಮನ ಪದ ನಮ್ಮ ಬೀದಿಯಲ್ಲಿ ಏಕೆ, ನಮ್ಮಲ್ಲಿ ಹಾಡುವವರಿಲ್ಲವೇ ಎಂದು. ನಾಲ್ಕು ದಿನದ ಕಸ ಮನೆಮನೆಯಲ್ಲೂ ನಾರತೊಡಗಿತು. ಅತ್ತೆ ಕೆಳಗಿನ ಬೀದಿಗೆ ಹೋಗಿ ಅವರ ಹಾಡುಗಳನ್ನೂ ತುಂಬಿಸಿದಳು. ಆದರೆ ಒಂದು ವಿಚಿತ್ರ ಆಜ್ಞೆ ಮಾಡಿದಳು: ಕೆಳಗಿನ ಬೀದಿಯ ಪದ ಮೇಲಿನ ಬೀದಿಯಲ್ಲಿ, ಮೇಲಿನ ಬೀದಿಯದು ಕೆಳಗಿನ ಬೀದಿಯಲ್ಲಿ ಹಾಕಬೇಕು!

"ಹಂಗಾದ್ರೆ ನಮ್ಮ ಪದ ನಾವು ಕೇಳೋದು ಯಾವಾಗ?" ಎಂದು ಒಬ್ಬಳು ಕೇಳಿದಳು.

"ಅಡುಗೆಮನೇಲಿ ದಿನಾ ಹಾಡ್ಕೋತೀಯಲ್ಲ, ಆಗ ಕೇಳ್ಕೋ. ಬೇರೆಯೋರು ನಿನ್ ಪದ ಕೇಳ್ಬೇಕು ಅಂತ ತಾನೇ ನೀನು ಜಗಳಕ್ಕೆ ಬಂದಿದ್ದು?"

ಮೊದಲೆಲ್ಲ ಒಂದು ಬೀದಿಯವರು ಇನ್ನೊಂದು ಬೀದಿಗೆ ಜಗಳಕ್ಕೆ ಮಾತ್ರ ಹೋಗುತ್ತಿದ್ದದ್ದು. ಈಗ 'ಮೂರನೇ ಸಾಲು ಏನು ಹೇಳಿ' ಎಂದು ಕೇಳಿಕೊಂಡು ಹೋಗತೊಡಗಿದರು.

ನಿಜವಾದ ಗಂಡಾಂತರ ಬಂದದ್ದು ಆಮೇಲೆ. ಮೇಲಿನ ಬೀದಿಯ ಯಜಮಾನರೊಬ್ಬರು ಪಂಚಾಯತಿಗೆ ಅರ್ಜಿ ಕೊಟ್ಟರು. ಮನುಷ್ಯ ಕೆಟ್ಟವರಲ್ಲ. ನೆಲಕ್ಕೆ ಬಿದ್ದ ಅಕ್ಷತೆಯನ್ನು ತುಳಿಯದೆ, ಆರಿಸಿ ತುಳಸಿ ಬುಡಕ್ಕೆ ಹಾಕುವವರು. ಶುಭಕಾರ್ಯದ ಹಾಡನ್ನು ಕಸದ ಗಾಡಿಯಲ್ಲಿ ಹಾಕುವುದು ಊರಿಗೆ ಒಳ್ಳೆಯದಲ್ಲ ಎಂಬುದು ಅವರ ಅರ್ಜಿ. ಕೆಳಗೆ ಬಹಳ ಜನರ ಸಹಿ ಇತ್ತು. ನಮ್ಮಪ್ಪನದೂ ಇತ್ತು!

ಶಾಲೆಯ ಬಯಲಲ್ಲಿ ಗ್ರಾಮಸಭೆ ಸೇರಿತು. ಯಜಮಾನರು ಎದ್ದರು. "ಹಸೆ ಮುಂದೆ ಹಾಡೋ ಪದಾನ ಕೊಳೆತ ಟೊಮೇಟೊ ಮುಂದೆ ಹಾಡಿಸ್ತೀರಲ್ಲ, ಸರೀನಾ? ಪದಕ್ಕೆ ಒಂದು ಮಡಿ ಅಂತ ಬೇಡ್ವಾ?" ಎಂದರು. ತುಂಬ ತಲೆಗಳು ಆಡಿದವು. ಸುಳ್ಳೇಕೆ ಹೇಳಲಿ, ನನ್ನದೂ ಸ್ವಲ್ಪ ಆಡಿತು. ಸಭೆ ಬೇಡವೆಂದರೆ ಹಳೆಯ ತೀರ್ಮಾನ ರದ್ದಾಗುತ್ತದೆ, ಹಳೆಯ ಪ್ರಕಟಣೆಯನ್ನೇ ಮತ್ತೆ ಹಾಕಬೇಕಾಗುತ್ತದೆ ಎಂದು ಪಿಡಿಒ ತಿಳಿಸಿದರು. ಎಲ್ಲರೂ ಅತ್ತೆಯ ಕಡೆ ನೋಡಿದರು. ಬಾಯಿಲ್ಲದವಳೆಂದು ಆರಿಸಿಬಂದವಳು ಅವತ್ತು ನಿಜವಾಗಿಯೂ ಬಾಯಿಲ್ಲದವಳಾಗಿ ಕೂತಿದ್ದಳು.

ಯಾವ ಹಾಡು ಎಂದು ಸಭೆ ಒಮ್ಮೆ ಕೇಳಿಯಾದರೂ ತೀರ್ಮಾನಿಸಲಿ ಎಂದು ಪಿಡಿಒ ಹೇಳಿದರು. ಗಂಗಾ ಗಾಡಿ ತಂದು ನಿಲ್ಲಿಸಿ ಸೋಬಾನೆ ಹಾಕಿದಳು. ಯಜಮಾನರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅವರು ಕೇಳಿದ್ದು ಮಡಿಯ ವಿಷಯವಲ್ಲ.

"ಎಲ್ರಿಗಿಂತ ಮೊದಲು ಎತ್ತಿಕೊಳ್ತೈತಲ್ಲ ಒಂದು ಗಂಟ್ಲು, ಯಾರದು ಅದು?"

ನಾನು ಪ್ರತಿಧ್ವನಿ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಕೆಂಪಮ್ಮಜ್ಜಿ ಮಂಡಿಯ ಮೇಲೆ ಕೈಯೂರಿ ಎದ್ದಳು.

"ಇವಳದ್ದು" ಎಂದು ಅತ್ತೆಯ ಕಡೆ ತೋರಿಸಿದಳು. "ಪದ ಎಲ್ಲಾ ಇವಳ ಹೊಟ್ಟೇಲೈತೆ. ನಾವು ಆರು ಜನ ಬರೀ ಬಾಯಿ. ಇವಳು ಹಿಂದೆ ನಿಂತು ಎತ್ತಿಕೊಡ್ತಾಳೆ, ನಾವು ಹಾಡ್ತೀವಿ. ಮುಂದೆ ಬಾರೆ ಅಂದ್ರೆ ಬರಲ್ಲ. ಯಾಕೆ ಅಂತ ಕೇಳ್ಬೇಡಿ. ನಿಮ್ಗೆಲ್ಲಾ ಗೊತ್ತು."

ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದವನು ನಾನೊಬ್ಬ. ಅವತ್ತು ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತ ಕೂತಿದ್ದ ಅಮ್ಮನನ್ನು ಕೇಳಿದೆ. ಅಮ್ಮ ಕಾಯಿಯಿಂದ ಕಣ್ಣೆತ್ತದೆ ಹೇಳಿದಳು. ಅತ್ತೆ ಪ್ರಾಯದಲ್ಲಿ ಸುತ್ತಲ ಊರುಗಳಿಗೆಲ್ಲ ಹೆಸರಾದ ಹಾಡುಗಾರ್ತಿ. ಅವಳು ಹೋಗದೆ ಯಾರ ಮನೆಯ ಹಸೆಯೂ ಏಳುತ್ತಿರಲಿಲ್ಲ. ಮಾವ ತೀರಿಕೊಂಡ ಮಾರನೆಯ ವರ್ಷ ನಮ್ಮ ಚಿಕ್ಕಪ್ಪನ ಮದುವೆ. ಅತ್ತೆ ಎಂದಿನಂತೆ ಹಸೆಯ ಪಕ್ಕ ಬಂದು ಕೂತಳು. "ನೀನು ಹಿಂದಕ್ಕೆ ಹೋಗವ್ವಾ" ಎಂದು ಯಾರೋ ಮೆಲ್ಲಗೆ ಹೇಳಿದರು. ಗದರಿಸಿ ಹೇಳಲಿಲ್ಲ. ಹೇಳಿದವರು ಹೊರಗಿನವರೂ ಅಲ್ಲ. ನಮ್ಮಜ್ಜಿ. ಅತ್ತೆಯ ಹೆತ್ತ ತಾಯಿ.

ಅಂದಿನಿಂದ ಊರಿನ ಎಲ್ಲ ಮದುವೆಗಳಲ್ಲೂ ಅತ್ತೆಯ ಜಾಗ ಅಡುಗೆಯವರ ಪಕ್ಕ, ಈಳಿಗೆಮಣೆಯ ಮೇಲೆ. ನಾನು ಹುಟ್ಟಿದಾಗಿನಿಂದ ಅವಳನ್ನು ಅಲ್ಲೇ ನೋಡಿದ್ದೆ. ತರಕಾರಿ ಹೆಚ್ಚುವುದು ಅವಳಿಗೆ ಇಷ್ಟ ಎಂದುಕೊಂಡಿದ್ದೆ.

ಗ್ರಾಮಸಭೆಗೆ ಬರೋಣ. ಸೋತೆ ಎನ್ನುವ ಅಭ್ಯಾಸ ಯಜಮಾನರ ವಂಶದಲ್ಲೇ ಇಲ್ಲ. ಕೊನೆಗೆ, "ಗಾಡಿ ತೊಳ್ಕೊಂಡು ಬಂದ್ರೆ ನಂದೇನೂ ತಕರಾರಿಲ್ಲ" ಎಂದರು. ಪಿಡಿಒ ಆ ಮಾತು ನೆಲಕ್ಕೆ ಬೀಳಲು ಬಿಡಲಿಲ್ಲ. ಅಲ್ಲೇ ತಿದ್ದುಪಡಿ ಬರೆದರು: 'ಶುಭಕಾರ್ಯದ ಹಾಡುಗಳನ್ನು ಕಸ ವಿಲೇವಾರಿಯಾದ ನಂತರ, ವಾಹನವನ್ನು ಶುದ್ಧ ನೀರಿನಿಂದ ತೊಳೆದು, ಖಾಲಿ ಹಿಂತಿರುಗುವಾಗ ಮಾತ್ರ ಹಾಕತಕ್ಕದ್ದು.' ಎಲ್ಲರೂ ಕೈ ಎತ್ತಿದರು. ನಮ್ಮಪ್ಪ ಎರಡೂ ಕೈ ಎತ್ತಿದ.

ಹೀಗಾಗಿ ನಮ್ಮೂರಿಗೆ ಕಸದ ಗಾಡಿ ಈಗ ದಿನಕ್ಕೆ ಎರಡು ಸಲ ಬರುತ್ತದೆ. ಏಳೂವರೆಗೆ ಬೀಸುವ ಪದ ಹಾಡಿಕೊಂಡು ಕಸಕ್ಕೆ. ಹತ್ತು ಗಂಟೆಗೆ ಮಿರಿಮಿರಿ ಮಿಂಚುತ್ತ, ಸೋಬಾನೆ ಹಾಡಿಕೊಂಡು, ಸುಮ್ಮನೆ. ಆ ಹೊತ್ತಿಗೂ ಜನ ಬಾಗಿಲಿಗೆ ಬರುತ್ತಾರೆ. ಕೊಡಲು ಕೈಯಲ್ಲಿ ಏನೂ ಇಲ್ಲದೆ ಕಸದ ಗಾಡಿಗಾಗಿ ಕಾಯುವ ಊರು ಇನ್ನೊಂದಿದ್ದರೆ ದಯವಿಟ್ಟು ತಿಳಿಸಿ.

ಆವತಿ ಕಡೆಯ ಒಂದು ಪಂಚಾಯತಿಯ ಸದಸ್ಯರು ನಮ್ಮ ಉಪಸಮಿತಿಯನ್ನು ಹುಡುಕಿಕೊಂಡು ಬಂದರು. ಅತ್ತೆ ಸಗಣಿ ಬಾಚುತ್ತಿದ್ದಳು. "ನಿಮ್ಮ ಹಾಡುಗಳನ್ನ ಒಂದು ಪೆನ್‌ಡ್ರೈವಿಗೆ ಹಾಕ್ಕೊಡಿ ಅಮ್ಮಾ, ನಾವೂ ಗಾಡೀಲಿ ಹಾಕ್ತೀವಿ" ಎಂದರು.

"ಯಾಕೆ, ನಿಮ್ಮೂರಾಗೆ ಮುದುಕೀರೆಲ್ಲ ಸತ್ತೋದ್ರಾ?"

"ಇಲ್ಲಮ್ಮಾ, ಇದ್ದಾರೆ."

"ಹಂಗಾದ್ರೆ ಹೋಗಿ ಅವರನ್ನ ಮಾತಾಡ್ಸಿ. ಕಾಫಿ ಕುಡ್ಕೊಂಡು ಹೋಗಿ."

ಅವರು ಕಾಫಿ ಕುಡಿದು ಹೋದರು. ಆಮೇಲೆ ಅವರ ಗಾಡಿಯೂ ಹಾಡುತ್ತಿದೆ ಎಂದು ಕೇಳಿದೆ. ಅಲ್ಲಿಯ ಮುದುಕಿಯರು ಬೀಸುವ ಕಲ್ಲಿನ ಜೊತೆಗೆ ಒನಕೆಯನ್ನೂ ಕಚೇರಿಗೆ ತರಿಸಿ, ನೆಲದ ಒಂದು ಟೈಲು ಒಡೆದರಂತೆ! ನಮ್ಮಲ್ಲಿ ಪಂಚಾಯತಿಯ ಗ್ರಂಥಾಲಯದ ಕೋಣೆಯನ್ನು ವಾರಕ್ಕೊಂದು ಮಧ್ಯಾಹ್ನ ಬಿಟ್ಟುಕೊಟ್ಟಿದ್ದಾರೆ. ಶಾಲೆಯ ಹೆಣ್ಣುಮಕ್ಕಳು ಬಂದು ಆರು ಜನರ ಹತ್ತಿರ ಪದ ಕಲಿಯುತ್ತಾರೆ. ಅತ್ತೆ ಬೀರುವಿನ ಹಿಂದೆ ನಿಂತು ಆ ಆರು ಜನಕ್ಕೆ ಎತ್ತಿಕೊಡುತ್ತಾಳೆ. ಗುಟ್ಟು ರಟ್ಟಾದ ಮೇಲೂ ಅವಳು ಮುಂದೆ ಬರಲಿಲ್ಲ. ನಾನು ಒತ್ತಾಯ ಮಾಡಿ ನೋಡಿದೆ. "ಸುಮ್ನಿರ್ಲಾ" ಎಂದಳು.

ಹೋದ ಮಾಘದಲ್ಲಿ ಗಂಗಾಳ ಮದುವೆಯಾಯಿತು. ಪಂಚಾಯತಿಯ ಸಮುದಾಯ ಭವನದಲ್ಲೇ, ಬೆಳಗಿನ ಮುಹೂರ್ತ. ಅತ್ತೆ ಬೆಳಿಗ್ಗೆ ಐದಕ್ಕೇ ಹೋಗಿ ಹಿತ್ತಲ ಕಡೆ ಈಳಿಗೆಮಣೆ ಹಾಕಿಕೊಂಡು ಕೂತಿದ್ದಳು. ಹುಡುಗ ಹುಡುಗಿಯನ್ನು ಹಸೆಗೆ ಕರೆತಂದರು. ಹಾಡುವವರು ಎಲ್ಲಿ ಎಂದು ಎಲ್ಲರೂ ತಿರುಗಿ ನೋಡಿದರು.

ಆರು ಜನರೂ ಸಾಲಾಗಿ ಕೂತಿದ್ದರು. ಕೆಂಪಮ್ಮಜ್ಜಿಯ ಕುತ್ತಿಗೆಗೆ ಮಫ್ಲರು ಸುತ್ತಿತ್ತು. ಪಕ್ಕದವಳ ಕೈಯಲ್ಲಿ ಕಷಾಯದ ಲೋಟ. ಇನ್ನೊಬ್ಬಳು ಬಾಯಿಗೆ ಸೆರಗು ಒತ್ತಿ ಕೆಮ್ಮುತ್ತಿದ್ದಳು.

"ಏನಜ್ಜಿ, ನೆನ್ನೆ ಚೆನ್ನಾಗೇ ಇದ್ಯಲ್ಲ?" ಎಂದೆ.

"ನೆನ್ನೆ ಚೆನ್ನಾಗಿತ್ತು. ಇವತ್ತು ಗಂಟ್ಲು ಕಟ್ತು" ಎಂದಳು ಅಜ್ಜಿ, ಸಾಕಷ್ಟು ಸ್ಪಷ್ಟವಾಗಿ.

ಉಳಿದ ಐವರೂ ತಮ್ಮದೂ ಕಟ್ಟಿದೆ ಎಂದು ಕೈಸನ್ನೆ ಮಾಡಿದರು. ನನ್ನ ಕಸುಬಿನಲ್ಲಿ ಒಂದು ಮಾತಿದೆ. ಒಂದೇ ಲಾಟಿನ ಆರು ಶರ್ಟಿಗೆ ಒಂದೇ ಕಡೆ ಹೊಲಿಗೆ ಬಿಟ್ಟಿದ್ದರೆ ಅದು ಆಕಸ್ಮಿಕವಲ್ಲ.

ಗಂಡಿನ ಕಡೆಯವರೊಬ್ಬರು, "ಮೊಬೈಲಲ್ಲಿ ಇದ್ಯಲ್ಲ, ಅದನ್ನೇ ಹಾಕ್ಬಿಡಿ ಗುರು" ಎಂದು ನನಗೆ ಹೇಳಿದರು. ನಾನು ಜೇಬಿಗೆ ಕೈ ಹಾಕಿದೆ. ಕೆಂಪಮ್ಮಜ್ಜಿ ನನ್ನನ್ನೇ ದಿಟ್ಟಿಸಿ ನೋಡಿದಳು. "ನಿನ್ ಫೋನು ಚಾರ್ಜು ಇಲ್ಲ ಅಲ್ವೇನಪ್ಪಾ?"

"ಇಲ್ಲ ಅಜ್ಜಿ. ಸತ್ತೋಗಿದೆ" ಎಂದೆ.

ಪುರೋಹಿತರು ಹೊತ್ತು ಮೀರುತ್ತಿದೆ ಎಂದರು. ಹಸೆಯ ಮೇಲಿದ್ದ ಗಂಗಾ ಬಾಸಿಂಗದ ಕೆಳಗಿಂದಲೇ, "ದೊಡ್ಡಮ್ಮನ್ನ ಕರೀರಿ" ಎಂದಳು. ಗಂಡಿನ ಕಡೆ ಸ್ವಲ್ಪ ಗುಸುಗುಸು ಆಯಿತು. ಗಂಗಾಳ ತಾಯಿ ಅದಕ್ಕೆ ಕಾಯದೆ ಹಿತ್ತಲಿಗೆ ಹೋಗಿ ಅತ್ತೆಯ ಕೈ ಹಿಡಿದು ಕರೆತಂದಳು. ಅತ್ತೆ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಬಂದಳು.

"ಏನು, ಹುಳಿಗೆ ಉಪ್ಪು ಸಾಲ್ದಾ?"

"ಹಾಡು ಬಾ ದೊಡ್ಡಮ್ಮ" ಎಂದಳು ಗಂಗಾ.

ಅತ್ತೆ ಆರು ಜನರ ಕಡೆ ನೋಡಿದಳು. ಆರೂ ಜನ ಒಟ್ಟಿಗೆ ಕೆಮ್ಮಿದರು. ಅವಳು ಒಂದು ಹೆಜ್ಜೆ ಹಿಂದೆ ಸರಿದು ಕಂಬವನ್ನು ಹಿಡಿದುಕೊಂಡಳು. "ಅವ್ರು ಹಾಡ್ಲಿ. ನಾನು ಇಲ್ಲಿಂದ್ಲೇ ಎತ್ತಿಕೊಡ್ತೀನಿ" ಎಂದಳು.

"ನೀನು ಎತ್ತಿಕೊಟ್ರೆ ತಗೊಳ್ಳೋರು ಯಾರೂ ಇಲ್ಲ ದೊಡ್ಡಮ್ಮ" ಎಂದಳು ಗಂಗಾ.

ಅತ್ತೆ ನಮ್ಮಪ್ಪನ ಮುಖ ನೋಡಿದಳು. ಅಪ್ಪ ಎದ್ದು ಹಸೆಯ ಪಕ್ಕದಲ್ಲಿದ್ದ ಕುರ್ಚಿಯನ್ನು ತೆಗೆದು ಜಾಗ ಮಾಡಿಕೊಟ್ಟ. ಅವಳು ಬಂದು ಕೂತಳು. ಮೊದಲ ಸಾಲು ಎಷ್ಟು ಸಣ್ಣಗೆ ಬಂತೆಂದರೆ ಹಿಂದಿನವರಿಗೆ ಕೇಳಿಸಲಿಲ್ಲ. ಎರಡನೆಯ ಸಾಲಿಗೆ ದನಿ ಒಡೆಯಿತು. ಮೂರನೆಯ ಸಾಲು ಅವಳು ಎತ್ತಿಕೊಂಡಾಗ ನನ್ನ ಪಕ್ಕದಲ್ಲಿ ಕೂತಿದ್ದ ಅಮ್ಮ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಳು. ನಾಲ್ಕನೆಯ ಸಾಲಿನಲ್ಲಿ ಆರು ಕೆಟ್ಟ ಗಂಟಲುಗಳೂ ಏಕಕಾಲಕ್ಕೆ ಗುಣವಾದವು.

ಹಾಡು ಮುಗಿಯಿತು. ಅತ್ತೆ ನೆಲಕ್ಕೆ ಕೈಯೂರಿ ಏಳಲು ನೋಡಿದಳು. ಏಳಲಾಗಲಿಲ್ಲ. ಗಂಗಾ ಅವಳ ಸೀರೆಯ ಸೆರಗನ್ನು ಬಳೆಗೈಯಲ್ಲಿ ಹಿಡಿದುಕೊಂಡಿದ್ದಳು.

"ಬಿಡೇ, ಬದನೆಕಾಯಿ ಹೆಚ್ಚಿಟ್ಟು ಬಂದಿದ್ದೀನಿ. ಕಪ್ಪಾಯ್ತವೆ."

"ಕಪ್ಪಾಗ್ಲಿ" ಎಂದಳು ಗಂಗಾ.